ಕುದುರೆಯಿಂದಿಳಿದ ರಾವುತ: ತೂರ್ ನಗರದ ಸಂತ ಮಾರ್ಟಿನರು

ನಮ್ಮ ಕಥೋಲಿಕ ಮನೆಗಳಲ್ಲಿ ಮಾರ್ಟಿನ್ ಎಂಬ ಹೆಸರು ಅಪರೂಪವೇನಲ್ಲ. ಆ ಹೆಸರು ಕೇಳಿದೊಡನೆ ಬಹುಮಂದಿಯ ಕಣ್ಣೆದುರಿಗೆ ಬರುವುದು ಕೈಯಲ್ಲಿ ಪೊರಕೆ ಹಿಡಿದು ನಿಂತ ಪೆರು ದೇಶದ ಸಂತ ಮಾರ್ಟಿನ್ ದ ಪೋರಸರ ಚಿತ್ರ. ಅವರ ಹಬ್ಬ ನವೆಂಬರ್ 3ರಂದು. ಅದಾಗಿ ಎಂಟು ದಿನಗಳಿಗೆ, ನವೆಂಬರ್ 11ರಂದು, ಧರ್ಮಸಭೆಯು ಇನ್ನೊಬ್ಬ ಮಾರ್ಟಿನರನ್ನು ಸ್ಮರಿಸುತ್ತದೆ. ಇವರು ನಾಲ್ಕನೆಯ ಶತಮಾನದವರು, ಇಂದಿನ ಫ್ರಾನ್ಸಿನ ತೂರ್ ನಗರಕ್ಕೆ ಧರ್ಮಾಧ್ಯಕ್ಷರಾಗಿದ್ದವರು, ಕುದುರೆ ಸವಾರರು ತಮ್ಮ ಪಾಲಕರೆಂದು ಗೌರವಿಸುತ್ತ ಬಂದ ಸಂತರು. ಯುದ್ಧದ ಇತಿಹಾಸದಲ್ಲಿ ಅಶ್ವಸೈನ್ಯವು ಬೆಳೆದು, ಮೆರೆದು, ಮರೆಯಾದ ಕಥೆಯನ್ನು ಓದುತ್ತ ಹೋದರೆ ಇವರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ವಿಚಿತ್ರವೆಂದರೆ, ಆ ಸೈನ್ಯವನ್ನು ಅವರು ತಾವಾಗಿ ಸೇರಿದವರಲ್ಲ. ತಾವಾಗಿ ತೊರೆದು ಬಂದವರು.

ಮಾರ್ಟಿನ್ ಜನಿಸಿದ್ದು ಪನೋನಿಯಾ ಪ್ರಾಂತದ ಸಬಾರಿಯಾ ಎಂಬಲ್ಲಿ. ಅದು ಈಗ ಹಂಗೇರಿ ದೇಶದ ಸೊಂಬಾಥೆಲಿ ನಗರ. ಹುಟ್ಟಿದ ವರ್ಷ 316 ಎಂದು ಕೆಲವು ವಿದ್ವಾಂಸರೂ 336 ಎಂದು ಇನ್ನು ಕೆಲವರೂ ಹೇಳುತ್ತಾರೆ. ಈ ಇಪ್ಪತ್ತು ವರ್ಷಗಳ ಅಂತರ ಕ್ಷುಲ್ಲಕವಲ್ಲ. ಅದರ ಮಾತು ಮುಂದೆ ಬರುತ್ತದೆ. ತಂದೆ ರೋಮನ್ ಸೇನೆಯಲ್ಲಿ ಸಾಮಾನ್ಯ ಸೈನಿಕನಾಗಿ ಸೇರಿ ಟ್ರಿಬ್ಯೂನ್ ಎಂಬ ಅಧಿಕಾರಿಯ ಪದವಿಗೆ ಏರಿದವನು. ತಂದೆತಾಯಿಗಳಿಬ್ಬರೂ ಹಳೆಯ ರೋಮನ್ ದೇವತೆಗಳನ್ನು ಪೂಜಿಸುತ್ತಿದ್ದವರು. ಮಗನ ಹೆಸರೇ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು. ಬಾಲಕ ಬೆಳೆದದ್ದು ಇಟಲಿಯ ಪವಿಯಾದಲ್ಲಿ. ಹತ್ತು ವರ್ಷದವನಾಗಿದ್ದಾಗ ಮನೆಯವರ ಇಚ್ಛೆಗೆ ವಿರುದ್ಧವಾಗಿ ದೇವಾಲಯಕ್ಕೆ ಓಡಿಹೋಗಿ ತನ್ನನ್ನು ದೀಕ್ಷಾರ್ಥಿಯಾಗಿ ಸೇರಿಸಿಕೊಳ್ಳಬೇಕೆಂದು ಬೇಡಿದನು. ಹನ್ನೆರಡರ ವಯಸ್ಸಿನಲ್ಲಿ ಅವನ ಆಸೆಯೆಲ್ಲ ಅರಣ್ಯವಾಸಿ ತಪಸ್ವಿಗಳ ಬಾಳಿನ ಮೇಲೆಯೇ ಇತ್ತು.

ಆದರೆ ರಾಜಶಾಸನ ಬೇರೆಯಾಗಿತ್ತು. ನಿವೃತ್ತ ಯೋಧರ ಗಂಡುಮಕ್ಕಳು ಸೇನೆಗೆ ಸೇರತಕ್ಕದ್ದು ಎಂಬುದು ಅಂದಿನ ನಿಯಮ. 295ರಲ್ಲಿ ಉತ್ತರ ಆಫ್ರಿಕದ ಟೆಬೆಸ್ಸಾದಲ್ಲಿ ಮಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದು ವರ್ಷದ ಕ್ರೈಸ್ತ ಯುವಕನು, ಅವನೂ ಯೋಧನೊಬ್ಬನ ಮಗನೇ, ಸೈನ್ಯದ ಗುರುತುಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಲು ಒಪ್ಪದೆ ತಲೆಕೊಟ್ಟು ರಕ್ತಸಾಕ್ಷಿಯಾಗಿದ್ದನು. ಮಾರ್ಟಿನ್‌ನ ವಿಷಯದಲ್ಲಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದವನು ಸ್ವತಃ ತಂದೆ. ಹದಿನೈದರ ಹುಡುಗನನ್ನು ಹಿಡಿದು, ಸಂಕೋಲೆ ತೊಡಿಸಿ, ಸೈನಿಕ ಪ್ರತಿಜ್ಞೆ ಮಾಡಿಸಿದರು. ಆತನನ್ನು ಸೇರಿಸಿದ್ದು ಸಾಮ್ರಾಟನ ಅಂಗರಕ್ಷಕ ಪಡೆಗಳಾದ ಅಶ್ವದಳಗಳಿಗೆ.

ಆ ಕಾಲದ ಅಶ್ವದಳವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹಳೆಯ ರೋಮಿನ ಬಲವಿದ್ದದ್ದು ಕಾಲಾಳುಗಳಲ್ಲಿ. ಕುದುರೆ ಸವಾರರು ಬೇಹು ನೋಡುವುದಕ್ಕೆ, ಸೋತು ಓಡುವ ಶತ್ರುವನ್ನು ಬೆನ್ನಟ್ಟುವುದಕ್ಕೆ ಮಾತ್ರ. ಆದರೆ ಮೂರನೆಯ ಶತಮಾನದಲ್ಲಿ ಗಡಿಗಳು ಒಮ್ಮೆಗೇ ಹಲವು ಕಡೆ ಒಡೆಯತೊಡಗಿದಾಗ, ಎಲ್ಲಿ ಅಪಾಯವೋ ಅಲ್ಲಿಗೆ ಬೇಗನೆ ಧಾವಿಸಬಲ್ಲ ಪಡೆ ಬೇಕಾಯಿತು. 260ರ ದಶಕದಲ್ಲಿ ಸಾಮ್ರಾಟ ಗಾಲಿಯೇನಸ್ ಮಿಲಾನಿನಲ್ಲಿ ದೊಡ್ಡದೊಂದು ಅಶ್ವಪಡೆಯನ್ನು ಕೂಡಿಸಿಟ್ಟನು. ಪೂರ್ವದ ಪರ್ಷಿಯನ್ನರಿಂದ ಕಲಿತು, ಸವಾರನಿಗೂ ಕುದುರೆಗೂ ಲೋಹದ ಕವಚ ತೊಡಿಸುವ ಪದ್ಧತಿಯೂ ಬಂತು. ಸವಾರ ಕಾಲೂರುವ ರಿಕಾಪು ಮಾತ್ರ ಆಗ ಯುರೋಪಿನಲ್ಲಿ ಇರಲಿಲ್ಲ. ಜೀನಿನ ನಾಲ್ಕು ಮೂಲೆಗಳಲ್ಲಿ ಎದ್ದು ನಿಂತ ಕೊಂಬಿನಂಥ ಗುಬ್ಬಗಳ ನಡುವೆ ತೊಡೆಗಳನ್ನು ಬಿಗಿದು ಕುಳಿತೇ ಈಟಿ ಹಿಡಿಯಬೇಕಿತ್ತು. ಕಾನ್‌ಸ್ಟಂಟೈನನ ಕಾಲದಿಂದ ಅಂಗರಕ್ಷಕ ಅಶ್ವದಳಗಳು ಸೇನೆಯಲ್ಲೇ ಹೆಚ್ಚಿನ ಗೌರವ ಪಡೆದವು. ಎಂದರೆ, ತಪಸ್ವಿಯಾಗಬೇಕೆಂದು ಹಂಬಲಿಸಿದ ಹುಡುಗ ಸೇರಿದ್ದು ಆ ಕಾಲದ ಯುವಕರು ಹೊಟ್ಟೆಕಿಚ್ಚುಪಡುವಂಥ ಸ್ಥಾನವನ್ನೇ.

ಆ ಸ್ಥಾನದಲ್ಲಿ ಆತ ಹೇಗೆ ನಡೆದುಕೊಂಡನೆಂಬುದನ್ನು ನಮಗೆ ತಿಳಿಸಿದವನು ಸುಲ್ಪೀಸಿಯಸ್ ಸೆವೆರಸ್. ಇವನು ಮಾರ್ಟಿನರನ್ನು ಕಣ್ಣಾರೆ ಕಂಡು, ಅವರ ಜೀವಿತಕಾಲದಲ್ಲೇ ಅವರ ಚರಿತ್ರೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ ಶಿಷ್ಯ. ಸವಾರನಿಗೆ ಆಳು ಇರುವುದು ವಾಡಿಕೆ. ಮಾರ್ಟಿನ್ ಒಬ್ಬನನ್ನೇ ಇಟ್ಟುಕೊಂಡಿದ್ದನು. ಆದರೆ ಸಂಜೆ ಡೇರೆಗೆ ಬಂದ ಮೇಲೆ ಆಳಿನ ಪಾದರಕ್ಷೆಯನ್ನು ಬಿಚ್ಚಿ ಒರೆಸುವವನು ಒಡೆಯ. ಇಬ್ಬರೂ ಒಟ್ಟಿಗೆ ಉಣ್ಣುವಾಗ ಬಡಿಸುವವನೂ ಹೆಚ್ಚಾಗಿ ಒಡೆಯನೇ. ಸಂಬಳದಲ್ಲಿ ದಿನದ ಊಟಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಡವರಿಗೆ ಕೊಟ್ಟುಬಿಡುತ್ತಿದ್ದನು.

ಆಮಿಯೆ ನಗರದ ಹೆಬ್ಬಾಗಿಲ ಪ್ರಸಂಗವನ್ನು ಬಲ್ಲವರು ಅನೇಕರು. ಚಳಿಗೆ ಜನ ಸಾಯುತ್ತಿದ್ದ ಒಂದು ಕಠೋರ ಮಾಗಿಯಲ್ಲಿ ಬಟ್ಟೆಯಿಲ್ಲದ ಭಿಕ್ಷುಕನೊಬ್ಬ ಅಲ್ಲಿ ಕೈಯೊಡ್ಡಿ ನಿಂತಿದ್ದನು. ಹೋಗಿಬರುವವರು ನೋಡಿಯೂ ನೋಡದಂತೆ ಸಾಗುತ್ತಿದ್ದರು. ಮಾರ್ಟಿನ್‌ನ ಬಳಿ ಉಳಿದಿದ್ದುದು ಆಯುಧಗಳು ಮತ್ತು ಒಂದೇ ಒಂದು ಸೈನಿಕ ಮೇಲಂಗಿ; ಮಿಕ್ಕುದೆಲ್ಲ ಆಗಲೇ ದಾನವಾಗಿತ್ತು. ಖಡ್ಗವನ್ನು ಹಿರಿದು ಮೇಲಂಗಿಯನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಭಿಕ್ಷುಕನಿಗೆ ಹೊದಿಸಿ, ಇನ್ನೊಂದನ್ನು ತಾನು ಹೊದ್ದುಕೊಂಡನು. ಹರಕು ಅಂಗಿಯ ಆ ಸೈನಿಕನನ್ನು ಕಂಡು ಸುತ್ತಲಿನ ಕೆಲವರು ನಕ್ಕರು. ಅವನಿಗಿಂತ ಹೆಚ್ಚು ಉಳ್ಳವರಾಗಿದ್ದ ಕೆಲವರು, ತಾವೇ ಬೆತ್ತಲಾಗದೆ ಆ ಬಡವನಿಗೆ ಉಡಿಸಬಹುದಾಗಿತ್ತಲ್ಲಾ ಎಂದು ಮನಸ್ಸಿನಲ್ಲೇ ನೊಂದುಕೊಂಡರು. ಅಂದಿನ ರಾತ್ರಿ ಕನಸಿನಲ್ಲಿ ಪ್ರಭು ಯೇಸುಕ್ರಿಸ್ತರು ಅದೇ ಅರ್ಧ ಮೇಲಂಗಿಯನ್ನು ಹೊದ್ದು, ಇನ್ನೂ ದೀಕ್ಷಾಸ್ನಾನ ಪಡೆಯದ ಮಾರ್ಟಿನ್ ತಮಗಿದನ್ನು ಹೊದಿಸಿದನೆಂದು ದೇವದೂತರಿಗೆ ಹೇಳುತ್ತಿರುವುದು ಅವನಿಗೆ ಕಾಣಿಸಿತು. ಹದಿನೆಂಟರ ವಯಸ್ಸಿನಲ್ಲಿ ಅವನು ದೀಕ್ಷಾಸ್ನಾನ ಪಡೆದನು.

ಇಲ್ಲೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಸುಲ್ಪೀಸಿಯಸ್ ಈ ಪ್ರಸಂಗವನ್ನು ಹೇಳುವಾಗ ಕುದುರೆಯ ಹೆಸರನ್ನೇ ಎತ್ತುವುದಿಲ್ಲ. ದೇವಾಲಯಗಳ ಗಾಜುಚಿತ್ರಗಳಲ್ಲಿ, ಎಲ್ ಗ್ರೆಕೋ ಎಂಬ ಕಲಾವಿದ 1590ರ ದಶಕದ ಕೊನೆಯಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿ, ಮಾರ್ಟಿನ್ ಬಿಳಿ ಕುದುರೆಯ ಮೇಲೆ ಕುಳಿತು ಕೆಳಗೆ ನಿಂತ ಭಿಕ್ಷುಕನ ಕಡೆಗೆ ಬಾಗಿದ್ದಾರೆ. ಮೂಲಕಥೆಯಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ಎದುರುಬದುರಾಗಿ ನಿಂತಿದ್ದರೆಂದು ಓದಿಕೊಳ್ಳಲು ಅಡ್ಡಿಯಿಲ್ಲ. ಕುದುರೆಯನ್ನು ತಂದವರು ನಂತರದ ಕಾಲದವರು. ರಾವುತನೆಂದರೆ ಎತ್ತರದಲ್ಲಿರಬೇಕು ಎಂಬುದು ಅವರ ಕಾಲದ ಎಣಿಕೆ.

ದೀಕ್ಷಾಸ್ನಾನವಾದೊಡನೆ ಮಾರ್ಟಿನರು ಸೇನೆಯನ್ನು ಬಿಡಲಿಲ್ಲ. ಜೊತೆಯ ಅಧಿಕಾರಿಯೊಬ್ಬನು, ತನ್ನ ಸೇವಾವಧಿ ಮುಗಿದ ಬಳಿಕ ತಾನೂ ಲೋಕವನ್ನು ತ್ಯಜಿಸುವೆನೆಂದು ಮಾತುಕೊಟ್ಟು ಅವರನ್ನು ತಡೆದಿದ್ದನು. ಹಾಗೆ ಎರಡು ವರ್ಷ ಕಳೆದವು. ನಿರ್ಣಯದ ಗಳಿಗೆ ಬಂದದ್ದು ರೈನ್ ನದಿಯ ದಡದ ವೋರ್ಮ್ಸ್ ನಗರದ ಬಳಿ. ಸಂಶೋಧಕರು ಅದನ್ನು ಸಾಮಾನ್ಯವಾಗಿ 356ಕ್ಕೆ ಸೇರಿಸುತ್ತಾರೆ. ಯುದ್ಧದ ಮುನ್ನ ಕೈಸರ್ ಜೂಲಿಯನ್ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಇನಾಮು ಹಂಚುತ್ತಿದ್ದನು. ಮಾರ್ಟಿನರ ಸರದಿ ಬಂದಾಗ ಅವರು ಕೈಚಾಚಲಿಲ್ಲ. ಇದುವರೆಗೆ ಕೈಸರನ ಸೈನಿಕನಾಗಿದ್ದೆ, ಇನ್ನು ದೇವರ ಸೈನಿಕನಾಗಲು ಬಿಡಬೇಕು, ಹೋರಾಡುವವನೇ ಇನಾಮನ್ನು ಪಡೆಯಲಿ ಎಂಬುದು ಅವರ ಉತ್ತರದ ಸಾರ. ಮರುದಿನದ ಕಾಳಗಕ್ಕೆ ಹೆದರಿದ್ದಾನೆಂದು ಜೂಲಿಯನ್ ಕೆರಳಿದನು. ಹಾಗಾದರೆ ನಾಳೆ ನಿರಾಯುಧನಾಗಿ, ಗುರಾಣಿಯೂ ಶಿರಸ್ತ್ರಾಣವೂ ಇಲ್ಲದೆ, ಶಿಲುಬೆಯ ಗುರುತೊಂದನ್ನೇ ನಂಬಿ ಸೈನ್ಯದ ಮುಂದೆ ನಿಲ್ಲುವೆನೆಂದು ಮಾರ್ಟಿನರು ಒಪ್ಪಿಕೊಂಡರು. ಅವರನ್ನು ಸೆರೆಯಲ್ಲಿಟ್ಟರು. ಬೆಳಗಾದಾಗ ಶತ್ರುಗಳೇ ದೂತರನ್ನು ಕಳುಹಿಸಿ ಸಂಧಿ ಬೇಡಿದರು.

ಈಗ ಹುಟ್ಟಿದ ವರ್ಷದ ಮಾತಿಗೆ ಬರೋಣ. 336ರಲ್ಲಿ ಹುಟ್ಟಿದವರಾದರೆ ಅವರು ಆಗ ಇಪ್ಪತ್ತರ ಯುವಕ. 316 ಆದರೆ ನಲವತ್ತು ಮುಟ್ಟಿದವರು, ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿ ನಿಯಮದಂತೆಯೇ ಬಿಡುಗಡೆಗೆ ಅರ್ಹರಾದವರು. ಹಾಗಿದ್ದರೆ ಈ ದೃಶ್ಯವನ್ನು ಶಿಷ್ಯನು ಗುರುಭಕ್ತಿಯಿಂದ ಹಿಗ್ಗಿಸಿದ್ದಾನೆಂದು ಶಂಕಿಸುವವರಿದ್ದಾರೆ. ಶಿಷ್ಯನಿಗೆ ಹಿಗ್ಗಿಸಬೇಕೆನಿಸಿದ್ದರೆ ಅದಕ್ಕೂ ಕಾರಣವಿತ್ತು. 314ರಲ್ಲಿ ಗಾಲ್ ದೇಶದ ಆರ್ಲ್ ನಗರದಲ್ಲೇ ಕೂಡಿದ ಧರ್ಮಾಧ್ಯಕ್ಷರ ಸಭೆಯು, ಶಾಂತಿಕಾಲದಲ್ಲಿ ಆಯುಧ ಎಸೆಯುವವರನ್ನು ಪರಮಪ್ರಸಾದದಿಂದ ದೂರವಿಡಬೇಕೆಂದು ನಿರ್ಣಯಿಸಿತ್ತು. ಸಾಮ್ರಾಟನೇ ಕ್ರೈಸ್ತರ ಪಕ್ಷಕ್ಕೆ ಬಂದ ಮೇಲೆ ಸೈನಿಕನ ಪ್ರತಿಜ್ಞೆಯನ್ನು ಮುರಿಯುವುದು ಧರ್ಮಸಭೆಗೂ ಮುಜುಗರದ ಸಂಗತಿಯಾಗಿತ್ತು. ಮಾಕ್ಸಿಮಿಲಿಯನ್ ರಕ್ತಸಾಕ್ಷಿಯೆನಿಸಿದ ಕಾಲ ಕಳೆದಿತ್ತು. ಎಷ್ಟೋ ಕಾಲ ಮಾರ್ಟಿನರನ್ನು ಮಾಜಿ ಸೈನಿಕನೆಂದು ಮೂದಲಿಸಿದವರು ಅನ್ಯರಲ್ಲ, ಯಾಜಕರೇ. ಬಲಾತ್ಕಾರದಿಂದ ಪಡೆದ ಪ್ರತಿಜ್ಞೆ ಮನಸ್ಸಾಕ್ಷಿಯನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಲ್ಲದು ಎಂಬುದು ನೀತಿಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಚರ್ಚೆಗೆ ಬರುವ ಪ್ರಶ್ನೆ. ಮಾರ್ಟಿನರು ಅದಕ್ಕೆ ಸಿದ್ಧಾಂತ ಕಟ್ಟಲಿಲ್ಲ. ಇತರ ಸೈನಿಕರನ್ನು ಪಾಪಿಗಳೆಂದೂ ಕರೆಯಲಿಲ್ಲ. ತಾನು ಹೋರಾಡದ ಯುದ್ಧಕ್ಕೆ ತಾನು ಹಣ ಪಡೆಯಲಾರೆ ಎಂದಷ್ಟೇ ನಿಂತರು. ಅದು ನನಗೆ ಬಹಳ ಪ್ರಾಮಾಣಿಕವಾದ ನಿಲುವಾಗಿ ಕಾಣುತ್ತದೆ.

ಮರುವರ್ಷ, 357ರಲ್ಲಿ, ಸ್ಟ್ರಾಸ್‌ಬರ್ಗ್ ಬಳಿಯ ಕಾಳಗದಲ್ಲಿ ಜೂಲಿಯನ್‌ನ ಕವಚಧಾರಿ ರಾವುತರೇ ಹೆದರಿ ಬೆನ್ನು ತಿರುಗಿಸಿದರು, ಗೆದ್ದುಕೊಟ್ಟವರು ಕಾಲಾಳುಗಳು. ಹೇಡಿತನದ ಆಪಾದನೆ ಹೊತ್ತು ಹೋದವರು ಆಗ ಪ್ವಾತಿಯೆಯ ಸಂತ ಹಿಲರಿಯವರ ಆಶ್ರಯದ ದಾರಿ ಹಿಡಿದಿದ್ದರು.

ನಂತರದ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹುಟ್ಟೂರಿಗೆ ಹೋಗಿ ತಾಯಿಯನ್ನು ವಿಶ್ವಾಸಕ್ಕೆ ತಂದರು, ತಂದೆ ಒಪ್ಪಲಿಲ್ಲ. ಆರಿಯನ್ ಪಂಥದವರನ್ನು ಎದುರಿಸಿ ಛಡಿಯೇಟು ತಿಂದರು. 361ರ ಸುಮಾರಿಗೆ ಲಿಗುಜೆಯಲ್ಲಿ ಮಠವನ್ನು ಆರಂಭಿಸಿದರು. 371ರಲ್ಲಿ ತೂರ್ ನಗರದ ಜನರು, ಕಾಯಿಲೆಯ ಹೆಂಡತಿಗಾಗಿ ಪ್ರಾರ್ಥಿಸಬೇಕೆಂಬ ನೆಪ ಹೂಡಿ, ಅವರನ್ನು ಮಠದಿಂದ ಹೊರಗೆ ಕರೆತಂದು ಧರ್ಮಾಧ್ಯಕ್ಷರನ್ನಾಗಿ ಮಾಡಿದರು. ಕೆದರಿದ ಕೂದಲು, ಕೊಳಕು ಬಟ್ಟೆಯ ಈತ ಆ ಪೀಠಕ್ಕೆ ಯೋಗ್ಯನಲ್ಲವೆಂದು ಕೆಲವು ಧರ್ಮಾಧ್ಯಕ್ಷರು ಆಕ್ಷೇಪಿಸಿದ್ದರು. ಪೀಠವೇರಿದರೂ ಅವರು ವಾಸಿಸಿದ್ದು ಊರಾಚೆಯ ಮಾರ್ಮೂತಿಯೆ ಮಠದ ಮರದ ಗುಡಿಸಲಿನಲ್ಲಿ, ಸುಮಾರು ಎಂಬತ್ತು ಮಂದಿ ಶಿಷ್ಯರೊಡನೆ. ಹಳ್ಳಿಗಳಲ್ಲಿ ಹಳೆಯ ದೇವಾಲಯಗಳನ್ನು ಅವರು ಕೆಡವಿಸಿದ್ದೂ ಉಂಟು. ಅನ್ಯಧರ್ಮಗಳನ್ನು ಗೌರವದಿಂದ ಕಾಣಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದ ಬಳಿಕ ನಾವು ಅದನ್ನು ಮೆಚ್ಚಿ ಹೇಳಲಾರೆವು, ಮುಚ್ಚಿಡುವುದೂ ಸಲ್ಲದು.

ಕುದುರೆ ಬಿಟ್ಟವರಿಗೆ ಕತ್ತೆಯೇ ವಾಹನವಾಯಿತು. ಒಮ್ಮೆ ಧರ್ಮಕೇಂದ್ರಗಳ ಭೇಟಿಗೆ ಹೊರಟಾಗ ಸೈನಿಕರು ತುಂಬಿದ ಸರಕಾರಿ ಗಾಡಿಯೊಂದು ಎದುರಾಯಿತು. ಅವರ ಒರಟು ಕಪ್ಪು ಹೊದಿಕೆಯನ್ನು ಕಂಡು ಗಾಡಿಯ ಹೇಸರಗತ್ತೆಗಳು ಬೆದರಿ ಹಗ್ಗಗಳಲ್ಲಿ ಸಿಕ್ಕಿಕೊಂಡವು. ಸೈನಿಕರು ಇಳಿದು ಚಾವಟಿಯಿಂದಲೂ ಕೋಲಿನಿಂದಲೂ ಆ ವೃದ್ಧರನ್ನು ರಕ್ತ ಬರುವಂತೆ ಬಡಿದರು. ಒಂದು ಕಾಲದಲ್ಲಿ ಸಾಮ್ರಾಟನ ಅಂಗರಕ್ಷಕನಾಗಿದ್ದವರು ತಾನು ಯಾರೆಂದು ಬಾಯಿಬಿಡಲಿಲ್ಲ. ಶಿಷ್ಯರು ಬಂದು ಅವರನ್ನೆತ್ತಿ ಕತ್ತೆಯ ಮೇಲೆ ಕುಳ್ಳಿರಿಸಿಕೊಂಡು ಹೋದರು. ಗಾಡಿಯ ಪ್ರಾಣಿಗಳು ಎಷ್ಟು ಹೊಡೆದರೂ ಕದಲದೆ ನಿಂತಾಗಲೇ ಸೈನಿಕರಿಗೆ ತಾವು ಹೊಡೆದದ್ದು ಯಾರನ್ನೆಂಬುದು ತಿಳಿದದ್ದು. ಓಡಿ ಬಂದು ಕ್ಷಮೆ ಬೇಡಿದರು, ಕ್ಷಮೆ ದೊರೆಯಿತು.

ಬ್ರಿಕ್ಟಿಯಸ್ ಎಂಬ ಯಾಜಕನ ಪ್ರಸಂಗವೂ ಕುದುರೆಗೆ ಸಂಬಂಧಿಸಿದ್ದೇ. ಮಠದಲ್ಲಿ ಬರಿಗೈಯಲ್ಲಿ ಬೆಳೆದ ಈತ ಯಾಜಕನಾದ ಮೇಲೆ ಕುದುರೆಗಳನ್ನು ಸಾಕಿ, ಗುಲಾಮರನ್ನು ಕೊಳ್ಳತೊಡಗಿದ್ದನು. ಮಾರ್ಟಿನರು ಗದರಿಸಿದರು. ಮರುದಿನ ಅವನು ಬಂದು, ತಾನು ಚಿಕ್ಕಂದಿನಿಂದ ಮಠದಲ್ಲಿ ಬೆಳೆದವನೆಂದೂ, ಸೇನೆಯಲ್ಲಿ ಕೈ ಮೈಲಿಗೆ ಮಾಡಿಕೊಂಡವರು ತನಗೆ ಬುದ್ಧಿ ಹೇಳಬೇಕಿಲ್ಲವೆಂದೂ ಕೂಗಾಡಿದನು. ಮಾರ್ಟಿನರು ಅವನನ್ನು ಹೊರಹಾಕಲಿಲ್ಲ. ಪ್ರಭು ಯೂದನನ್ನೇ ಸಹಿಸಿಕೊಂಡಿರಲು ತಾನು ಇವನನ್ನು ಸಹಿಸಬಾರದೇ ಎಂದು ಸುಮ್ಮನಾದರು. ಅವರ ನಂತರ ತೂರ್ ಪೀಠವನ್ನೇರಿದವನು ಅದೇ ಬ್ರಿಕ್ಟಿಯಸ್.

ಅವರ ಬಾಳಿನ ಅತ್ಯಂತ ಕಹಿ ಅಧ್ಯಾಯ ನಡೆದದ್ದು ಟ್ರಿಯರ್ ನಗರದಲ್ಲಿ. ಸ್ಪೇನಿನ ಪ್ರಿಸಿಲಿಯನ್ ಎಂಬ ಧರ್ಮಾಧ್ಯಕ್ಷನ ಮೇಲೆ ಪಾಷಂಡವಾದದ ಆಪಾದನೆ ಬಂದು, ಅದನ್ನು ಹೊರಿಸಿದ ಧರ್ಮಾಧ್ಯಕ್ಷರೇ ವಿಚಾರಣೆಗಾಗಿ ಸಾಮ್ರಾಟ ಮಾಕ್ಸಿಮಸ್‌ನನ್ನು ಆಶ್ರಯಿಸಿದರು. ಮಾರ್ಟಿನರು ಪ್ರಿಸಿಲಿಯನ್‌ನ ಬೋಧನೆಯನ್ನು ಒಪ್ಪಿದವರಲ್ಲ. ಆದರೂ ಟ್ರಿಯರ್‌ಗೆ ಹೋಗಿ, ತಪ್ಪಿತಸ್ಥರನ್ನು ಸಭೆಯಿಂದ ಹೊರಗಿಟ್ಟರೆ ಸಾಕು, ರಕ್ತ ಹರಿಯಬಾರದು ಎಂದು ಹಟ ಹಿಡಿದರು. ಅವರು ಅಲ್ಲಿದ್ದಷ್ಟು ಕಾಲ ವಿಚಾರಣೆ ನಿಂತಿತು. ಸಾಮ್ರಾಟನಿಂದ ಮಾತು ಪಡೆದು ಹಿಂತಿರುಗಿದರು. ಅವರು ಹೋದ ಮೇಲೆ, 385ರ ಸುಮಾರಿನಲ್ಲಿ, ಪ್ರಿಸಿಲಿಯನ್ ಮತ್ತು ಅವನ ಕೆಲವು ಸಂಗಡಿಗರ ಶಿರಚ್ಛೇದವಾಯಿತು. ಕ್ರೈಸ್ತ ಅರಸನೊಬ್ಬನು ಪಾಷಂಡವಾದದ ಆಪಾದನೆಯ ಹಿನ್ನೆಲೆಯಲ್ಲಿ ಕ್ರೈಸ್ತರ ತಲೆ ತೆಗೆಸಿದ ಮೊದಲ ಪ್ರಸಂಗ ಇದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇಷ್ಟಕ್ಕೇ ನಿಲ್ಲದೆ, ಉಳಿದವರನ್ನು ಹುಡುಕಿ ಹಿಡಿಯಲು ಸೇನಾಧಿಕಾರಿಗಳನ್ನು ಸ್ಪೇನಿಗೆ ಕಳುಹಿಸುವ ಸಿದ್ಧತೆ ನಡೆಯಿತು. ಮಾರ್ಟಿನರು ಮತ್ತೆ ಓಡಿದರು. ಆಪಾದನೆ ಹೊರಿಸಿದ ಧರ್ಮಾಧ್ಯಕ್ಷರೊಡನೆ ಬಲಿಪೂಜೆಯಲ್ಲಿ ಪಾಲುಗೊಂಡರೆ ಮಾತ್ರ ಸೇನೆಯನ್ನು ತಡೆಯುವೆನೆಂದು ಸಾಮ್ರಾಟನು ಷರತ್ತಿಟ್ಟನು. ಒಂದೇ ಒಂದು ದಿನ ಪಾಲುಗೊಂಡರು, ಸೇನೆ ಹೊರಡಲಿಲ್ಲ. ಆದರೆ ಹಿಂದಿರುಗುವ ದಾರಿಯಲ್ಲಿ ಕಾಡಿನ ನಡುವೆ ಒಬ್ಬರೇ ಕುಳಿತು, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ತಮ್ಮನ್ನೇ ಆಪಾದಿಸಿಕೊಂಡು, ತಾವೇ ಸಮರ್ಥಿಸಿಕೊಂಡು ಬೆಂದುಹೋದರು. ಆ ಬಳಿಕ ಧರ್ಮಾಧ್ಯಕ್ಷರ ಯಾವ ಸಭೆಗೂ ಅವರು ಹೋಗಲಿಲ್ಲ.

397ರ ನವೆಂಬರ್ 8ರಂದು ಕಾಂದ್ ಎಂಬ ಊರಿನಲ್ಲಿ ಯಾಜಕರ ಜಗಳವನ್ನು ಬಗೆಹರಿಸಲು ಹೋಗಿದ್ದಾಗ ಅವರು ತೀರಿಕೊಂಡರು. ಶರೀರ ತಮಗೇ ಸೇರಬೇಕೆಂದು ಪ್ವಾತಿಯೆ ಮತ್ತು ತೂರ್ ಜನರು ವಾದಿಸಿದರು. ರಾತ್ರಿ ಪ್ವಾತಿಯೆಯವರು ನಿದ್ದೆಹೋದಾಗ ತೂರ್‌ನವರು ಅದನ್ನು ಕಿಟಕಿಯಿಂದ ಹೊರದಾಟಿಸಿ ದೋಣಿಯಲ್ಲಿ ಒಯ್ದರೆಂದು ಆರನೆಯ ಶತಮಾನದ ತೂರ್‌ನ ಸಂತ ಗ್ರೆಗೊರಿ ಬರೆದಿದ್ದಾರೆ. ಸಮಾಧಿಯಾದದ್ದು ನವೆಂಬರ್ 11ರಂದು.

ಅವರು ತೊರೆದ ಅಶ್ವಸೈನ್ಯವು ಅವರನ್ನು ತೊರೆಯಲಿಲ್ಲ. ಅವರು ಧರ್ಮಾಧ್ಯಕ್ಷರಾಗಿದ್ದಾಗಲೇ, 378ರ ಆಗಸ್ಟ್ 9ರಂದು, ಏಡ್ರಿಯಾನೋಪಲ್‌ನಲ್ಲಿ ಗಾಥ್ ರಾವುತರು ಹಠಾತ್ತನೆ ಮೇಲೆರಗಿ ರೋಮನ್ ಸೇನೆಯನ್ನು ನುಚ್ಚುನೂರು ಮಾಡಿ, ಸಾಮ್ರಾಟ ವಾಲೆನ್ಸ್ ಅಲ್ಲೇ ಮಡಿದಿದ್ದನು. ಮುಂದೆ ಗಾಲ್ ದೇಶವನ್ನಾಳಿದ ಫ್ರಾಂಕ್ ಅರಸರು ಮಾರ್ಟಿನರನ್ನೇ ತಮ್ಮ ರಕ್ಷಕರನ್ನಾಗಿ ಮಾಡಿಕೊಂಡರು. 507ರಲ್ಲಿ ಕ್ಲೋವಿಸ್ ಅರಸನು ಯುದ್ಧಕ್ಕೆ ಹೋಗುವಾಗ, ತೂರ್ ಪ್ರಾಂತದಲ್ಲಿ ಕುದುರೆಗಳಿಗೆ ಹುಲ್ಲು ಮತ್ತು ನೀರನ್ನಲ್ಲದೆ ಏನನ್ನೂ ಮುಟ್ಟಬಾರದೆಂದು ಸಂತರ ಗೌರವಾರ್ಥ ಆಜ್ಞಾಪಿಸಿದನು. ಬಡವನೊಬ್ಬನ ಒಣಹುಲ್ಲಿನ ಮೆದೆಯನ್ನು, ಇದೂ ಹುಲ್ಲೇ ಅಲ್ಲವೇ ಎಂದು ಕಸಿದುಕೊಂಡ ಸೈನಿಕನನ್ನು ಅರಸ ತನ್ನ ಕೈಯಾರೆ ಕತ್ತಿಯಿಂದ ಕೊಂದನು. ರಕ್ತ ಹರಿಯಬಾರದೆಂದು ಟ್ರಿಯರ್‌ವರೆಗೆ ಓಡಿದವರ ಹೆಸರಿನಲ್ಲಿ!

ಆಮಿಯೆಯ ಮೇಲಂಗಿಯೆಂದು ನಂಬಲಾದ ಬಟ್ಟೆಯನ್ನು ಅರಸರು ಪೆಟ್ಟಿಗೆಯಲ್ಲಿಟ್ಟು ರಣರಂಗಕ್ಕೆ ಒಯ್ಯುತ್ತಿದ್ದರು. ಅದರ ಮೇಲೆ ಪ್ರಮಾಣ ಮಾಡಿಸುತ್ತಿದ್ದರು. ಮೇಲಂಗಿಗೆ ಲ್ಯಾಟಿನ್‌ನಲ್ಲಿ ಕಾಪ್ಪಾ, ಚಿಕ್ಕ ಮೇಲಂಗಿಗೆ ಕಾಪೆಲ್ಲಾ. ಅದನ್ನಿಟ್ಟ ಸ್ಥಳಕ್ಕೂ ಅದೇ ಹೆಸರಾಯಿತು. ನಾವಿಂದು ಚಾಪೆಲ್ ಎನ್ನುವುದು, ಕರಾವಳಿಯ ಕೊಂಕಣಿಗರು ಪೋರ್ಚುಗೀಸ್ ಮೂಲಕ ಪಡೆದು ಕೊಪೆಲ್ ಎನ್ನುವುದು, ಸೇನೆಗಳ ಗುರುಗಳಿಗೆ ಚಾಪ್ಲೇನ್ ಎನ್ನುವುದು, ಎಲ್ಲವೂ ಭಿಕ್ಷುಕನಿಗೆ ಕೊಟ್ಟು ಉಳಿದ ಆ ಅರ್ಧ ಬಟ್ಟೆಯಿಂದ ಬಂದವು.

732ರಲ್ಲಿ ಚಾರ್ಲ್ಸ್ ಮಾರ್ಟೆಲ್ ಅರಬ್ ಸೇನೆಯನ್ನು ತಡೆದದ್ದು ಇದೇ ತೂರ್ ಮತ್ತು ಪ್ವಾತಿಯೆಗಳ ನಡುವೆ. ಆ ಸೇನೆಯ ಕಣ್ಣು ಮಾರ್ಟಿನರ ದೇವಾಲಯದ ಸಂಪತ್ತಿನ ಮೇಲಿತ್ತು. ಅದರ ರಾವುತರನ್ನು ಎದುರಿಸಿ ನಿಂತ ಫ್ರಾಂಕರು ಬಹುತೇಕ ಕಾಲಾಳುಗಳೇ. ಅನಂತರದ ಶತಮಾನಗಳಲ್ಲಿ ರಿಕಾಪು, ಎತ್ತರದ ಜೀನು, ಉದ್ದ ಈಟಿಗಳೊಡನೆ ಕವಚಧಾರಿ ರಾವುತನೇ ಯುರೋಪಿನ ರಣರಂಗದ ಒಡೆಯನಾದನು. 1346ರಲ್ಲಿ ಕ್ರೆಸಿಯಲ್ಲಿಯೂ 1415ರಲ್ಲಿ ಅಜಿನ್‌ಕೂರ್‌ನಲ್ಲಿಯೂ ಇಂಗ್ಲಿಷ್ ಬಿಲ್ಲಾಳುಗಳು ಅವನ ಸೊಕ್ಕನ್ನು ಮುರಿದರು. ಬಂದೂಕು ಫಿರಂಗಿಗಳು ಉಳಿದದ್ದನ್ನು ಮಾಡಿದವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ತೂರ್‌ನ ಮಾರ್ಟಿನರ ಮಹಾದೇವಾಲಯವನ್ನೇ ಕುದುರೆ ಲಾಯವನ್ನಾಗಿ ಮಾಡಿದರು. 1797ರಲ್ಲಿ ಅದರ ಕಮಾನುಗಳು ಕುಸಿದವು. ಕೆಲವೇ ವರ್ಷಗಳಲ್ಲಿ ಉಳಿದದ್ದನ್ನೂ ಕೆಡವಿ ಅಲ್ಲಿ ಬೀದಿ ಹಾಯಿಸಿದರು. ಸಮಾಧಿಯ ನೆಲೆ ಮತ್ತೆ ಪತ್ತೆಯಾದದ್ದು 1860ರ ಡಿಸೆಂಬರಿನಲ್ಲಿ. ಈಗಿನ ದೇವಾಲಯ ಅದರ ಮೇಲೆ ಎದ್ದದ್ದು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗಲೂ ಎಲ್ಲ ದೊಡ್ಡ ರಾಷ್ಟ್ರಗಳ ಬಳಿ ಅಶ್ವದಳಗಳಿದ್ದವು. ಮುಳ್ಳುತಂತಿ ಮತ್ತು ಮಷೀನ್‌ಗನ್ನುಗಳ ಎದುರು ಫ್ರಾನ್ಸಿನಲ್ಲಿ ಅವುಗಳಿಗೆ ಕೆಲಸ ಉಳಿಯಲಿಲ್ಲ. ಆದರೆ ಪ್ಯಾಲೆಸ್ತೀನಿನ ಬಯಲುಗಳಲ್ಲಿ ಇನ್ನೂ ಉಳಿದಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಗೆದ್ದುಕೊಂಡವರು ಜೋಧಪುರದ ಮತ್ತು ನಮ್ಮ ಮೈಸೂರಿನ ಲ್ಯಾನ್ಸರ್ ರಾವುತರು. ಪ್ರವಾದಿ ಎಲೀಯನ ಹೆಸರಿನ, ಕಾರ್ಮೆಲ್ ಮಾತೆಯ ಭಕ್ತಿ ಮೊಳೆತ ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಮೈಸೂರಿನ ತುಕಡಿ ಮೇಲಿನ ತೋಪುಗಳನ್ನು ವಶಪಡಿಸಿಕೊಂಡಿತು. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ರಾವುತನದು. ಆ ಚೌಕಕ್ಕೆ 2018ರಲ್ಲಿ ಹೈಫಾ ಹೆಸರನ್ನೂ ಸೇರಿಸಲಾಯಿತು.

ಅದಾಗಿ ಸರಿಯಾಗಿ ಏಳು ವಾರಗಳಿಗೆ, ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ, ಯುರೋಪಿನ ರಣರಂಗದಲ್ಲಿ ಗುಂಡುಗಳು ನಿಂತವು. ಅಂದು ಸಂತ ಮಾರ್ಟಿನರ ಹಬ್ಬ. ಕದನವಿರಾಮಕ್ಕೆ ಒಂದೂವರೆ ಗಂಟೆ ಮುಂಚೆ, ಬೆಲ್ಜಿಯಮಿನ ಮೋನ್ಸ್ ನಗರದಂಚಿನಲ್ಲಿ ಬೇಹು ನೋಡಲು ಹೋಗಿದ್ದ ನಲವತ್ತು ವರ್ಷದ ಜಾರ್ಜ್ ಎಡ್ವಿನ್ ಎಲಿಸನ್ ಎಂಬ ಸೈನಿಕ ಗುಂಡಿಗೆ ಬಲಿಯಾದನು. ಆ ಯುದ್ಧದಲ್ಲಿ ಸತ್ತ ಕೊನೆಯ ಬ್ರಿಟಿಷ್ ಸೈನಿಕ ಅವನೆಂದು ದಾಖಲೆಗಳು ಹೇಳುತ್ತವೆ. ಅವನು ಐದನೆಯ ರಾಯಲ್ ಐರಿಷ್ ಲ್ಯಾನ್ಸರ್ಸ್ ಅಶ್ವದಳದ ರಾವುತ.